ಕೊಂಡಿ ಕಳಚಿದ ಹೆಸರುಗಳು

ಬಾಗಲಕೋಟೆ ಜಿಲ್ಲೆಯ ಗುಡೂರು ನೇಕಾರಿಕೆಯ ಮೂರು ದೊಡ್ಡ ಹೆಸರುಗಳ ನಡುವೆ ಇರುವ ಊರು. ಪೂರ್ವಕ್ಕೆ ಸೀರೆಯ ಇಳಕಲ್, ಪಶ್ಚಿಮಕ್ಕೆ ಖಣದ ಗುಳೇದಗುಡ್ಡ, ದಕ್ಷಿಣಕ್ಕೆ ಜಿಲ್ಲೆಯ ಗಡಿ ದಾಟಿದರೆ ಪಟ್ಟೆದ ಅಂಚಿನ ಸೀರೆಯ ಗಜೇಂದ್ರಗಡ. ಈ ಮೂರೂ ಊರುಗಳು ಹತ್ತಿರ ಹತ್ತಿರವೇ ಇದ್ದರೂ ಅವುಗಳ ಬಟ್ಟೆ ಬೇರೆ, ಬಟ್ಟೆ ಉಡುವ ಸಂದರ್ಭ ಬೇರೆ, ಕಳೆದ ಐವತ್ತು ವರ್ಷಗಳಲ್ಲಿ ಆ ಬಟ್ಟೆಗಳಿಗೆ ಒದಗಿದ ಗತಿಯೂ ಬೇರೆ. ಇಳಕಲ್ ಸೀರೆಯ ಹೆಸರು ಒಂದು ದಿನವೂ ಮರೆಯಾಗಲಿಲ್ಲ, ಆದರೆ ಆ ಹೆಸರಿನ ಅಡಿಯಲ್ಲಿ ಮಾರಾಟವಾಗುವ ಬಟ್ಟೆ ಬದಲಾಯಿತು. ಗುಳೇದಗುಡ್ಡದ ಖಣ ನಿತ್ಯದ ಉಡುಗೆಯಿಂದ ಜಾರಿ, ಉಡಿ ತುಂಬುವ ಶಾಸ್ತ್ರಕ್ಕೆ ಸೀಮಿತವಾಗಿ, ಈಚೆಗೆ ನಗರದ ಫ್ಯಾಶನ್ನಾಗಿ ಮರಳಿತು. ಪಟ್ಟೆದ ಅಂಚಂತೂ ಬಹುತೇಕ ಕಣ್ಮರೆಯಾಗಿ, ಹುಡುಕಿ ತೆಗೆದವರ ಪ್ರಯತ್ನದಿಂದ ಮತ್ತೆ ಮಗ್ಗಕ್ಕೆ ಬಂತು. ಹಳೆಯ ಹೆಸರೊಂದನ್ನು ಪುನಃ ಜೀವಂತಗೊಳಿಸುವುದೆಂದರೆ ನಿಜವಾಗಿ ಏನನ್ನು ಜೀವಂತಗೊಳಿಸಿದಂತೆ ಎಂಬ ಪ್ರಶ್ನೆಯನ್ನು ಪರೀಕ್ಷಿಸಲು ಈ ಸೀಮೆಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಸುಲಭವಾಗಿ ಸಿಗುವುದಿಲ್ಲ.

ಈ ಪ್ರಶ್ನೆ ನೇಕಾರಿಕೆಗೆ ಮಾತ್ರ ಸೇರಿದ್ದಲ್ಲ. ಮುಚ್ಚಿಹೋದ ಕಂಪನಿಗಳ ಹೆಸರನ್ನು ಕೊಂಡು, ಅದೇ ಲಾಂಛನ, ಅದೇ ಬಣ್ಣ, ಅದೇ ಅಕ್ಷರ ವಿನ್ಯಾಸದೊಡನೆ ಹೊಸ ಸರಕನ್ನು ಮಾರುವುದು ಇಂದು ಜಗತ್ತಿನಾದ್ಯಂತ ಒಂದು ಪ್ರತ್ಯೇಕ ವ್ಯಾಪಾರವೇ ಆಗಿದೆ. ನಾಲ್ಕು ಪುಟ್ಟ ಗಾಲಿಗಳ ಮೇಲೆ ಕೂರಿಸಿದ ಹಲಗೆಯಾದ ಸ್ಕೇಟ್‌ಬೋರ್ಡ್‌ನ ಲೋಕದಲ್ಲಿ ಈ ವ್ಯಾಪಾರ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಜಾರ್ಜ್ ಪವೆಲ್ ಮತ್ತು ಸ್ಟೇಸಿ ಪೆರಾಲ್ಟ 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಪವೆಲ್ ಪೆರಾಲ್ಟ 1980ರ ದಶಕದ ಹುಡುಗರಿಗೆ ಆರಾಧನೆಯ ಹೆಸರಾಗಿತ್ತು. 1991ರಲ್ಲಿ ಪೆರಾಲ್ಟ ಹೊರಬಿದ್ದರು, ಹಲಗೆಯ ಆಕಾರವೇ ಬದಲಾಯಿತು, ಹಳೆಯ ಅಗಲ ಹಲಗೆಗಳು ಮೂಲೆ ಸೇರಿದವು. ಹೊಸ ಶತಮಾನದಲ್ಲಿ ಅವೇ ಆಕಾರಗಳು, ಅವೇ ತಲೆಬುರುಡೆಯ ಚಿತ್ರಗಳು ಮರುಮುದ್ರಣದ ಪುಸ್ತಕಗಳಂತೆ ಮತ್ತೆ ಹೊರಬಂದಾಗ ಕೊಂಡವರಲ್ಲಿ ಬಹಳ ಮಂದಿ ನಡುವಯಸ್ಸು ತಲುಪಿದ್ದ ಅದೇ ಹುಡುಗರು. ಅವರಲ್ಲಿ ಎಷ್ಟೋ ಮಂದಿ ಅದರ ಮೇಲೆ ನಿಂತು ಜಾರಲಿಲ್ಲ, ಗೋಡೆಗೆ ತೂಗುಹಾಕಿದರು. ಚಲಿಸಲೆಂದು ಹುಟ್ಟಿದ ವಸ್ತು ಹೀಗೆ ಗೋಡೆಯ ಚಿತ್ರವಾಗುವುದು ಗತಕಾಲದ ಹಂಬಲದ ಮಾರುಕಟ್ಟೆಯಲ್ಲಿ ಅಪರೂಪವೇನೂ ಅಲ್ಲ.

ಇಂಥ ವ್ಯಾಪಾರ ಸಾಧ್ಯವಾಗುವುದು ಹೆಸರು ಒಂದು ಆಸ್ತಿ ಎಂಬ ಕಾನೂನಿನ ಕಲ್ಪನೆಯಿಂದ. ಭಾರತದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ವ್ಯಾಪಾರ ಚಿಹ್ನೆಯನ್ನು, ಅಂದರೆ ಒಬ್ಬ ವ್ಯಾಪಾರಿಯ ಸರಕನ್ನು ಮತ್ತೊಬ್ಬನ ಸರಕಿನಿಂದ ಬೇರ್ಪಡಿಸಿ ತೋರಿಸುವ ಹೆಸರು ಅಥವಾ ಗುರುತನ್ನು, ಹೊಲ ಮನೆಗಳಂತೆಯೇ ಪರಭಾರೆ ಮಾಡಬಹುದು. ಆ ಚಿಹ್ನೆಯ ಜೊತೆಗೆ ಕಾರ್ಖಾನೆಯಾಗಲಿ, ಕೆಲಸಗಾರರಾಗಲಿ, ಅವರ ಕೈಗುಣವಾಗಲಿ ಹೋಗಲೇಬೇಕೆಂಬ ನಿಯಮವಿಲ್ಲ. ನೋಂದಣಿಯಾದ ಚಿಹ್ನೆಯನ್ನು ಐದು ವರ್ಷ ಮೂರು ತಿಂಗಳ ಕಾಲ ಬಳಸದೆ ಬಿಟ್ಟರೆ ಅದನ್ನು ದಾಖಲೆಯಿಂದ ತೆಗೆದುಹಾಕುವಂತೆ ಬಾಧಿತರು ಅರ್ಜಿ ಹಾಕಲು ಕೂಡ ಅದೇ ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ದಾಖಲೆಯಲ್ಲಿ ಸತ್ತ ಹೆಸರು ಜನರ ನೆನಪಿನಲ್ಲಿ ಸತ್ತಿರುವುದಿಲ್ಲ. ಈ ಎರಡು ಸಾವುಗಳ ನಡುವಿನ ಅಂತರವೇ ಪುನರುಜ್ಜೀವನದ ವ್ಯಾಪಾರಿಯ ಬಂಡವಾಳ.

ಕರ್ನಾಟಕದಲ್ಲಿ ಈ ಬಂಡವಾಳದ ಅತಿ ಪ್ರಸಿದ್ಧ ಉದಾಹರಣೆ ಮೈಸೂರಿನದು. ಝೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಸ್ಥಾಪಿಸಿದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಮೋಟಾರ್ ಸೈಕಲ್ ತಯಾರಿಸತೊಡಗಿತು. 1973ರ ಹೊತ್ತಿಗೆ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಉತ್ಪಾದನೆ ನಿಂತಿತು. ಕಿಕ್ ಹೊಡೆಯುವ ಲಿವರನ್ನೇ ಮಡಚಿ ಗೇರ್ ಬದಲಿಸಲು ಬಳಸುವ ವ್ಯವಸ್ಥೆ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಪೆಟ್ರೋಲಿನೊಡನೆ ಎಣ್ಣೆ ಬೆರೆಸಿ ಓಡಿಸುವ ಎರಡು ಹೊಡೆತದ 250 ಸಿಸಿ ಎಂಜಿನ್ನಿನ ವಿಶಿಷ್ಟ ಸದ್ದು ಇವೆಲ್ಲ ಸೇರಿ ಉತ್ತರ ಕರ್ನಾಟಕದ ಹಳ್ಳಿಗಳವರೆಗೂ ಆ ಗಾಡಿಗೆ ಒಂದು ವ್ಯಕ್ತಿತ್ವ ಬಂದಿತ್ತು. ಮಹೀಂದ್ರ ಸಮೂಹದ ಬಹುಪಾಲು ಹೂಡಿಕೆಯಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರಿನಲ್ಲಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ರಸ್ತೆಗಿಳಿಸಿದಾಗ, ತಯಾರಾಗಿದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಮರಳಿ ಬಂದ ಮೊದಲ ಜಾವಾದ ಎಂಜಿನ್ 293 ಸಿಸಿಯ ನಾಲ್ಕು ಹೊಡೆತದ್ದು, ನೀರಿನಿಂದ ತಂಪಾಗುವಂಥದ್ದು. ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹಳೆಯ ಎಂಜಿನ್ ಮರಳಲು ಸಾಧ್ಯವೂ ಇರಲಿಲ್ಲ. ಎರಡು ಸೈಲೆನ್ಸರ್ ಮಾತ್ರ ಉಳಿದವು, ಏಕೆಂದರೆ ಗಿರಾಕಿಯ ನೆನಪು ಎಂಜಿನ್ನಿನ ಒಳಗೆ ಇಣುಕುವುದಿಲ್ಲ.

ಕಾರ್ಖಾನೆಗಿಂತ ಹೆಸರೇ ಗಟ್ಟಿ ಎಂಬುದಕ್ಕೆ ಇದೇ ಪ್ರಕರಣದಲ್ಲಿ ನ್ಯಾಯಾಲಯದ ಸಾಕ್ಷ್ಯವೂ ಇದೆ. ಸಮಾಪನಕ್ಕೆ ಒಳಗಾದ, ಅಂದರೆ ಆಸ್ತಿ ಮಾರಿ ಸಾಲ ತೀರಿಸಲು ನ್ಯಾಯಾಲಯದ ಅಧಿಕಾರಿಯ ವಶಕ್ಕೆ ಹೋದ ಐಡಿಯಲ್ ಜಾವಾದ ಬಳಿ ಉಳಿದ ಬೆಲೆಬಾಳುವ ಸ್ವತ್ತುಗಳಲ್ಲಿ ಯೆಜ್ಡಿ ಎಂಬ ಹೆಸರೂ ಒಂದೆಂದು, ಅದು ಆ ಕಂಪನಿಗೇ ಸೇರಿದ್ದೆಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2022ರ ಡಿಸೆಂಬರಿನಲ್ಲಿ ಹೇಳಿತು. ವಿವಾದ ಮೇಲ್ಮನವಿಯಾಗಿ ವಿಭಾಗೀಯ ಪೀಠಕ್ಕೆ ಹೋಯಿತು. ಇಪ್ಪತ್ತಾರು ವರ್ಷ ಯಾವ ಗಾಡಿಯ ಮೇಲೂ ಹೊಸದಾಗಿ ಬರೆಯದ ಹೆಸರಿಗಾಗಿ ಇಷ್ಟು ಹಣಾಹಣಿ ನಡೆಯಬೇಕಾದರೆ ಅದರಲ್ಲಿ ಇನ್ನೂ ಹುರುಳಿತ್ತೆಂದೇ ಅರ್ಥ. ಆ ಹುರುಳನ್ನು ಕಾಪಾಡಿದವರು ಕಂಪನಿಯವರಲ್ಲ. ಬಿಡಿಭಾಗಗಳನ್ನು ಹುಡುಕಿ ಹುಡುಕಿ ಹಳೆಯ ಗಾಡಿಗಳನ್ನು ಓಡುವ ಸ್ಥಿತಿಯಲ್ಲಿಟ್ಟ ಮೆಕ್ಯಾನಿಕ್‌ಗಳು, ವರ್ಷಕ್ಕೊಮ್ಮೆ ಜುಲೈನಲ್ಲಿ ಸೇರುವ ಜಾವಾ-ಯೆಜ್ಡಿ ಬಳಗಗಳು. ಅವರಿಗೆ ಆ ಹೆಸರಿನಲ್ಲಿ ಯಾವ ಪಾಲೂ ಇಲ್ಲ.

ಗತಕಾಲದ ಹಂಬಲ ಕೊಳ್ಳುವವನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಮಾರುಕಟ್ಟೆ ಅಧ್ಯಯನಕಾರರಾದ ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಜನ ತಮ್ಮ ಸುಮಾರು 23-24ನೆಯ ವಯಸ್ಸಿನಲ್ಲಿ ಜನಪ್ರಿಯವಾಗಿದ್ದ ಹಾಡುಗಳನ್ನೇ ಜೀವನವಿಡೀ ಹೆಚ್ಚು ಮೆಚ್ಚುತ್ತಾರೆ ಎಂದು ತೋರಿಸಿದರು. ಹಾಗಾದರೆ ಹಳೆಯ ಬ್ರ್ಯಾಂಡನ್ನು ಮರಳಿ ತರುವವನಿಗೆ ಒಂದು ಗಡುವಿದೆ: ಇಪ್ಪತ್ತರ ಆಸುಪಾಸಿನಲ್ಲಿ ಅದನ್ನು ಬಯಸಿದ್ದ ಪೀಳಿಗೆ ಕೈಯಲ್ಲಿ ನಾಲ್ಕು ಕಾಸು ಕೂಡಿಸಿಕೊಂಡಿರಬೇಕು, ಆದರೆ ಇನ್ನೂ ಮುಪ್ಪಾಗಿರಬಾರದು. ಎಚ್‌ಎಂಟಿ ಕೈಗಡಿಯಾರದ ಕಥೆಯಲ್ಲೂ ಇದನ್ನು ಕಾಣಬಹುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಗಡಿಯಾರ ತಯಾರಿಕೆಯನ್ನು ಮುಚ್ಚುವ ನಿರ್ಧಾರವನ್ನು ಕೇಂದ್ರ ಸರ್ಕಾರ 2016ರಲ್ಲಿ ಕೈಗೊಂಡ ಕಾಲಕ್ಕೆ, ತಂದೆಯ ಕೈಯಲ್ಲಿ ಜನತಾ ಅಥವಾ ಪೈಲಟ್ ಗಡಿಯಾರ ನೋಡಿ ಬೆಳೆದವರು ಅವನ್ನು ಮುಗಿಬಿದ್ದು ಕೊಳ್ಳತೊಡಗಿದರು. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿದ್ದಾಗ ಇಷ್ಟು ಆಸೆ ಅವರಲ್ಲಿ ಅನೇಕರಿಗೆ ಇರಲಿಲ್ಲ ಎಂಬುದನ್ನು ಮಾತ್ರ ಹೇಳದೆ ಬಿಡುವಂತಿಲ್ಲ.

ಇದಕ್ಕಿಂತ ಜಟಿಲವಾದ ಇನ್ನೊಂದು ಬಗೆಯಿದೆ. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 1996ರ ತಮ್ಮ ಗ್ರಂಥದಲ್ಲಿ, ತಾನು ಎಂದೂ ಬದುಕದ ಕಾಲಕ್ಕಾಗಿ, ತಾನು ಎಂದೂ ಕಳೆದುಕೊಳ್ಳದ ವಸ್ತುವಿಗಾಗಿ ಹಂಬಲಿಸುವುದನ್ನು ಗ್ರಾಹಕನಿಗೆ ಜಾಹೀರಾತು ಕಲಿಸುತ್ತದೆ ಎಂದು ವಾದಿಸಿದರು. ಕುಳಿತಲ್ಲೇ ಪಡೆಯಬಹುದಾದ ಈ ಎರವಲು ನೆನಪಿಗೆ ವಯಸ್ಸಿನ ಗಡುವಿಲ್ಲ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಖಣದ ಬಟ್ಟೆ ಕೊಳ್ಳುವ ಯುವತಿಯರಲ್ಲಿ ಎಷ್ಟೋ ಜನರ ಮನೆಯಲ್ಲಿ ಅಜ್ಜಿಯೂ ಖಣದ ಕುಬಸ ತೊಟ್ಟಿರಲಾರಳು. ಆದರೂ ಅಜ್ಜಿಯ ನೆನಪು ಎಂಬ ಹೆಸರಿನಲ್ಲೇ ಅದು ಮಾರಾಟವಾಗುತ್ತದೆ.

ಗುಡೂರಿನ ಸುತ್ತಲಿನ ನೇಕಾರಿಕೆಯನ್ನು ಈ ಬೆಳಕಿನಲ್ಲಿ ನೋಡುವ ಮೊದಲು ಕಾನೂನಿನ ಇನ್ನೊಂದು ಪರಿಕಲ್ಪನೆಯನ್ನು ತಿಳಿಯಬೇಕು. 1999ರಲ್ಲಿ ಅಂಗೀಕಾರವಾಗಿ 2003ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯ್ದೆ, ಒಂದು ಪ್ರದೇಶದ ನೆಲ, ಹವೆ ಅಥವಾ ಜನರ ಕೌಶಲದಿಂದಾಗಿಯೇ ವಿಶಿಷ್ಟ ಗುಣ ಪಡೆದ ಸರಕಿಗೆ ಆ ಪ್ರದೇಶದ ಹೆಸರನ್ನು ಕಾಯ್ದಿರಿಸುತ್ತದೆ. ಇಳಕಲ್ ಸೀರೆಗೆ ಈ ನೋಂದಣಿ 2007ರ ಹೊತ್ತಿಗೆ ಸಿಕ್ಕಿತು. ಗುಳೇದಗುಡ್ಡದ ಖಣಕ್ಕೂ ಇದೆ. ವ್ಯಾಪಾರ ಚಿಹ್ನೆಗೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ ಭೌಗೋಳಿಕ ಸೂಚಕವನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಕಾಯ್ದೆಯ 24ನೆಯ ಕಲಮು ಇದನ್ನು ಖಚಿತವಾಗಿ ನಿಷೇಧಿಸುತ್ತದೆ. ಜಾವಾ ಎಂಬ ಹೆಸರು ಪ್ರಾಗ್‌ನಿಂದ ಮೈಸೂರಿಗೂ ಮುಂದೆ ಪೀಥಂಪುರಕ್ಕೂ ಹೋಗಬಹುದು, ಇಳಕಲ್ ಎಂಬ ಹೆಸರು ಕಾನೂನಿನ ದೃಷ್ಟಿಯಲ್ಲಿ ಇಳಕಲ್ಲಿನ ಸೀಮೆ ಬಿಟ್ಟು ಕದಲುವಂತಿಲ್ಲ. ಕಾಗದದ ಮೇಲೆ ಇದಕ್ಕಿಂತ ಭದ್ರವಾದ ರಕ್ಷಣೆ ಬೇಕಿಲ್ಲ. ಆದರೂ ಹೆಸರು ಒಳಗಿನಿಂದಲೇ ಟೊಳ್ಳಾಗಬಲ್ಲದು, ಮತ್ತು ಅದು ಹೇಗೆಂದು ತಿಳಿಯಲು ಸೀರೆಯ ಸೆರಗಿನವರೆಗೆ ಹೋಗಬೇಕಾಗುತ್ತದೆ.

ನೇಯ್ಗೆಯಲ್ಲಿ ಉದ್ದಕ್ಕೆ ಹಾಯುವ ಎಳೆಗಳನ್ನು ಹಾಸು ಎಂದೂ ಅಡ್ಡ ಹಾಯುವ ಎಳೆಗಳನ್ನು ಹೊಕ್ಕು ಎಂದೂ ಕರೆಯುತ್ತಾರೆ. ಸಾಮಾನ್ಯ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಹಾಸು ಒಂದೇ. ಸೆರಗು ಬಂದಾಗ ನೇಕಾರ ಹೊಕ್ಕಿನ ಬಣ್ಣ ಬದಲಿಸುತ್ತಾನೆ, ಅಷ್ಟೆ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಹಾಸೇ ಬೇರೆಯಾಗುತ್ತದೆ. ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಅಥವಾ ಕೃತಕ ರೇಷ್ಮೆಯ ಹಾಸು. ಒಂದರ ತುದಿಯ ಕುಣಿಕೆಗಳೊಳಗೆ ಇನ್ನೊಂದರ ಕುಣಿಕೆಗಳನ್ನು ಒಂದೊಂದಾಗಿ ಕೈಯಿಂದ ತೊಡಿಸಿ, ನಡುವೆ ಗಂಟಿನ ಉಬ್ಬು ಕಾಣದಂತೆ ಎರಡನ್ನೂ ಬೆಸೆಯಬೇಕು. ಈ ಬೆಸುಗೆಯೇ ಕೊಂಡಿ. ಹೀಗೆ ಬೆಸೆದ ಸೆರಗಿನಲ್ಲಿ ಕೆಂಪು ಹಾಸಿನ ಮೇಲೆ ಕೆಂಪು ಹೊಕ್ಕು ಬೀಳುವುದರಿಂದ ಬಣ್ಣ ಗಾಢವಾಗಿ, ಬೇರೆ ಎಳೆಯ ಬೆರಕೆಯಿಲ್ಲದೆ ಕಾಣುತ್ತದೆ. ಮೂರು ಕೆಂಪು ಪಟ್ಟಿಗಳ ನಡುವೆ ಎರಡು ಬಿಳಿಯ ಪಟ್ಟಿಗಳು, ಅವುಗಳ ಅಂಚಿನಲ್ಲಿ ಗೋಪುರದಂತೆ ಏರಿಳಿಯುವ ಹಲ್ಲುಗಳು ಬರುತ್ತವೆ. ಇದೇ ತೋಪು ತೆನೆಯ ಸೆರಗು. ಹಣಿಗೆ, ಕೋಟೆ ಕಮ್ಮಲಿ, ರಂಪ ಎಂಬ ಸೆರಗಿನ ನಮೂನೆಗಳೂ ಚಿಕ್ಕಿ, ಗೋಮಿ, ಪರಾಸಪೇಟೆ, ಗಾಡಿ ಎಂಬ ದಡಿಗಳೂ ಈ ನೇಯ್ಗೆಯ ಸುತ್ತ ಬೆಳೆದ ಶಬ್ದ ಸಂಪತ್ತು.

ಕೊಂಡಿಯಿಂದ ಆಗುವ ಒಂದು ತಾಂತ್ರಿಕ ಪರಿಣಾಮವೇ ಇಲ್ಲಿ ನಿರ್ಣಾಯಕ. ಬೇರೆ ಸೀರೆಗಳಿಗೆ ಹತ್ತಾರು ಸೀರೆಗೆ ಆಗುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಸುತ್ತಿಟ್ಟುಕೊಂಡು ಒಂದರ ಹಿಂದೊಂದು ನೇಯಬಹುದು. ಕೊಂಡಿಯ ಸೀರೆಗೆ ಅದು ಸಾಧ್ಯವಿಲ್ಲ. ಆರು ಗಜವಿರಲಿ, ಎಂಟು ಗಜವಿರಲಿ, ಒಂಬತ್ತು ಗಜವಿರಲಿ, ಪ್ರತಿ ಸೀರೆಗೂ ಒಡಲಿನ ಹಾಸು, ದಡಿಯ ಹಾಸು, ಸೆರಗಿನ ಹಾಸು ಬೇರೆ ಬೇರೆ ಅಣಿಗೊಳಿಸಿ ಹೊಸದಾಗಿ ಮಗ್ಗಕ್ಕೆ ಹೂಡಬೇಕು. ಕುಣಿ ಮಗ್ಗದಲ್ಲಿ, ಅಂದರೆ ನೆಲದಲ್ಲಿ ತೋಡಿದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತು ತುಳಿಯುವ ಮಗ್ಗದಲ್ಲಿ, ಲಾಳಿ ಆಡಿಸುವವನು ಒಬ್ಬನಾದರೆ ಹಾಸು ಹೂಡುವವರು, ಕಂಡಿಕೆ ಸುತ್ತುವವರು, ಕೊಂಡಿ ಹಾಕುವವರು ಬೇರೆ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಮನೆಯ ಹೆಂಗಸರು, ಅವರ ಹೆಸರಿನಲ್ಲಿ ಪ್ರತ್ಯೇಕ ಮಜೂರಿ ಬರೆಯುವ ರೂಢಿ ಕಡಿಮೆ. ಸೀರೆಯ ಲೆಕ್ಕದಲ್ಲಿ ಸಿಗುವ ಮಜೂರಿಯನ್ನು ಇಷ್ಟು ಕೈಗಳಿಗೆ ಹಂಚಿದರೆ ಉಳಿಯುವುದೆಷ್ಟು ಎಂದು ಯಾರೂ ಊಹಿಸಬಹುದು.

ವಿದ್ಯುತ್ ಮಗ್ಗಕ್ಕೆ ಬೇಕಾದದ್ದು ತಡೆಯಿಲ್ಲದ ಉದ್ದ ಹಾಸು. ಆದ್ದರಿಂದ ಅದು ಇಳಕಲ್ ಸೀರೆಯ ಬಣ್ಣ ತೆಗೆದುಕೊಂಡಿತು, ದಡಿ ತೆಗೆದುಕೊಂಡಿತು, ಸೆರಗಿನ ಬಿಳಿ ಹಲ್ಲುಗಳನ್ನೂ ಒಂದಿಷ್ಟು ಅನುಕರಿಸಿತು, ಕೊಂಡಿಯನ್ನು ಬಿಟ್ಟಿತು. ದೂರದಿಂದ ನೋಡಿದರೆ ಭೇದ ತಿಳಿಯುವುದಿಲ್ಲ, ಬೆಲೆಯಲ್ಲಿ ಮಾತ್ರ ತಿಳಿಯುತ್ತದೆ. ಇದನ್ನು ಹೊರಗಿನವರ ಕಳ್ಳತನವೆಂದು ಹೇಳಿಬಿಡುವುದು ಸುಲಭವಾದರೂ ಪೂರ್ತಿ ಸರಿಯಲ್ಲ, ಏಕೆಂದರೆ ವಿದ್ಯುತ್ ಮಗ್ಗಗಳು ಇಳಕಲ್ ಸೀಮೆಯ ಒಳಗೂ ಇವೆ, ನೇಕಾರರ ಮಕ್ಕಳೇ ಅವುಗಳನ್ನು ನಡೆಸುತ್ತಾರೆ, ಕಡಿಮೆ ಬೆಲೆಯ ಸೀರೆಯನ್ನು ಉಟ್ಟು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಅವು ಉಪಕಾರವನ್ನೂ ಮಾಡಿವೆ. ಭೌಗೋಳಿಕ ಸೂಚಕ ಸ್ಥಳವನ್ನು ಕಾಯುವಷ್ಟು ಗಟ್ಟಿಯಾಗಿ ಕೈಯನ್ನು ಕಾಯಲಿಲ್ಲ ಎಂಬುದು ಇಲ್ಲಿನ ನಿಜವಾದ ದೂರು. ಕೈಯನ್ನು ಕಾಯಬೇಕಾದ ಕಾನೂನು ಬೇರೆ ಇತ್ತು: 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮಾತ್ರ ಮೀಸಲಿಟ್ಟಿತು. ಮೊದಲು 22 ಇದ್ದ ಆ ಪಟ್ಟಿ 1996ರಲ್ಲಿ 11ಕ್ಕೆ ಇಳಿಯಿತು. ಸೀರೆ ಪಟ್ಟಿಯಲ್ಲಿ ಉಳಿದಿದ್ದರೂ, ಪೇಟೆಯ ಯಾವುದೇ ಸೀರೆ ಅಂಗಡಿ ಹೊಕ್ಕವರಿಗೆ ಆ ಕಾಯ್ದೆ ಎಷ್ಟರ ಮಟ್ಟಿಗೆ ಜಾರಿಯಲ್ಲಿದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಖಣದ ಚರಿತ್ರೆ ಇನ್ನೊಂದು ದಾರಿ ಹಿಡಿಯಿತು. ಕುಬಸ ಹೊಲಿಯಲೆಂದೇ ತುಂಡು ತುಂಡಾಗಿ ಲೆಕ್ಕ ಹಾಕಿ ಮಾರುವ, ಮುಮ್ಮೂಲೆಯಾಗಿ ಮಡಿಕೆ ಹಾಕಿ ಇಡುವ ಈ ಬಟ್ಟೆಯಲ್ಲಿ ತೇರು, ಸೂಜಿ ಮಲ್ಲಿಗೆ, ಕಳಾವರ, ಆನೆ ಹೆಜ್ಜೆ ಮೊದಲಾದ ಚಿಕ್ಕ ಚಿಕ್ಕ ನಮೂನೆಗಳು ಒತ್ತೊತ್ತಾಗಿ ಬರುತ್ತವೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಕುಬಸ ಎಂಬುದು ಕೃಷ್ಣೆ ಮಲಪ್ರಭೆಯರ ಸೀಮೆಯಲ್ಲೂ ದಕ್ಷಿಣ ಮಹಾರಾಷ್ಟ್ರದಲ್ಲೂ ಹೆಂಗಸರ ಉಡುಗೆಯ ಜೋಡಿಯಾಗಿತ್ತು. ಸೀರೆಯ ಬಣ್ಣಕ್ಕೇ ಹೊಂದುವ ಮ್ಯಾಚಿಂಗ್ ಬ್ಲೌಸ್ ರೂಢಿಗೆ ಬಂದಾಗ ಆ ಜೋಡಿ ಮುರಿಯಿತು. ಖಣ ಪೂರ್ತಿ ಅಳಿಯದೆ ಉಳಿದದ್ದು ಸಂಪ್ರದಾಯದ ಬಲದಿಂದ: ಬಸುರಿಗೆ ಕುಬಸದ ಕಾರ್ಯ ಮಾಡುವಾಗ, ತವರಿಗೆ ಬಂದವಳಿಗೆ ಉಡಿ ತುಂಬುವಾಗ, ಸವದತ್ತಿ ಎಲ್ಲಮ್ಮನಿಗೆ ಹರಕೆ ಒಪ್ಪಿಸುವಾಗ ಖಣ ಬೇಕೇ ಬೇಕು. ಆದರೆ ತೊಡಲಿಕ್ಕಲ್ಲದೆ ಕೊಡಲಿಕ್ಕೆ ಮಾತ್ರ ಕೊಳ್ಳುವ ಬಟ್ಟೆಯ ಗುಣವನ್ನು ಯಾರೂ ಪರೀಕ್ಷಿಸುವುದಿಲ್ಲ. ಉಡಿಯಲ್ಲಿ ಬಂದ ಖಣ ಪೆಟ್ಟಿಗೆ ಸೇರಿ ಮತ್ತೊಬ್ಬರ ಉಡಿಗೆ ಹೋಗುತ್ತದೆ. ಹೀಗಾಗಿ ಶಾಸ್ತ್ರ ಖಣದ ಹೆಸರನ್ನು ಉಳಿಸಿತು, ಅದರ ಗುಣಮಟ್ಟವನ್ನು ಕೆಳಕ್ಕೆ ಎಳೆಯಿತು.

ಕಳೆದ ಕೆಲವು ವರ್ಷಗಳಲ್ಲಿ ಖಣದ ನಮೂನೆ ಪೂರ್ಣ ಸೀರೆಯಾಗಿ, ಕುರ್ತಾ, ದುಪಟ್ಟಾ, ಕೈಚೀಲ, ದಿಂಬಿನ ಹೊದಿಕೆಯಾಗಿ ಮಹಾನಗರಗಳಲ್ಲಿ ಕಾಣಿಸಿಕೊಂಡಿದೆ. ಮಹಾರಾಷ್ಟ್ರದಲ್ಲಂತೂ ಇದರ ಬೇಡಿಕೆ ಜೋರಾಗಿದೆ. ಸಂತೋಷದ ವಿಷಯವೇ ಸರಿ, ಆದರೆ ಆ ಸೀರೆಗಳಲ್ಲಿ ಬಹುಪಾಲು ವಿದ್ಯುತ್ ಮಗ್ಗದ, ಪಾಲಿಯೆಸ್ಟರ್ ನೂಲಿನ ಸರಕು. ನಮೂನೆ ಹಳೆಯದು, ನೂಲು ಹೊಸದು, ಮಗ್ಗ ಬೇರೆಯದು, ಮಾರುವ ಮಾತು ಪರಂಪರೆಯದು. ಮೈಸೂರಿನ ಎರಡು ಸೈಲೆನ್ಸರುಗಳಿಗೆ ಆದದ್ದೇ ಇಲ್ಲಿ ಸೂಜಿ ಮಲ್ಲಿಗೆಗೂ ಆಗಿದೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ಹಳೆಯ ಜಾವಾ ತಯಾರಿಸಿದ ಕಾರ್ಮಿಕರು ಹೊಸ ಜಾವಾ ಬರುವ ಹೊತ್ತಿಗೆ ಆ ಕೆಲಸದಿಂದ ದೂರವಾಗಿ ಎರಡು ದಶಕ ಕಳೆದಿತ್ತು, ಹೊಸ ಗಾಡಿ ಅವರ ಅನ್ನ ಕಸಿಯಲಿಲ್ಲ, ಗುಳೇದಗುಡ್ಡದಲ್ಲಿ ಕೈಮಗ್ಗದ ನೇಕಾರ ಇನ್ನೂ ಮಗ್ಗದ ಮುಂದೆ ಕುಳಿತಿರುವಾಗಲೇ ಅವನ ನಮೂನೆ ಅವನನ್ನು ಬಿಟ್ಟು ಪೇಟೆಗೆ ಹೋಗಿದೆ.

ಪಟ್ಟೆದ ಅಂಚಿನ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿ ಪ್ರತ್ಯೇಕವಾಗಿಯೇ ಪರಿಗಣಿಸಬೇಕಾಗುತ್ತದೆ. ಚೌಕಳಿಯ ಒಡಲು, ಎದ್ದು ಕಾಣುವ ಬೇರೆ ಬಣ್ಣದ ಅಂಚು, ದಪ್ಪ ಹತ್ತಿನೂಲು, ದುಡಿಯುವ ಹೆಂಗಸಿನ ಮೈಮೇಲೆ ವರ್ಷಗಟ್ಟಲೆ ಬಾಳುವ ಗಟ್ಟಿತನ ಇವು ಗಜೇಂದ್ರಗಡದ ಆ ಸೀರೆಯ ಲಕ್ಷಣಗಳು. ಮದುವೆಯಲ್ಲಿ ಕೊಡುವ, ಎಲ್ಲಮ್ಮನಿಗೆ ಅರ್ಪಿಸುವ ವಾಡಿಕೆಯೂ ಅದಕ್ಕಿತ್ತು. ನೇಯುವವರೂ ಉಡುವವರೂ ಕಡಿಮೆಯಾಗಿ ಅದು ಮರೆಗೆ ಸರಿದಿದ್ದಾಗ, ಜವಳಿ ವಿನ್ಯಾಸಕಿ ಹೇಮಲತಾ ಜೈನ್ ಹಳೆಯ ಸೀರೆಯ ಜಾಡು ಹಿಡಿದು ಹೋಗಿ, ಪುನರ್ಜೀವನ ಎಂಬ ಸಂಸ್ಥೆಯ ಮೂಲಕ ಅದನ್ನು ಮತ್ತೆ ಕೈಮಗ್ಗದಲ್ಲಿ ನೇಯಿಸಿದರು. ಇಲ್ಲಿ ಮರಳಿದ್ದು ಹೆಸರಿಗಿಂತ ಮೊದಲು ಹಾಸಿನ ಲೆಕ್ಕ, ಚೌಕಳಿಯ ಅಳತೆ, ಬಣ್ಣಗಳ ಜೋಡಣೆ. ಹೆಸರನ್ನು ಕೇಳಿದವರು ಪೇಟೆಯಲ್ಲಿ ಯಾರೂ ಇಲ್ಲದಿದ್ದುದರಿಂದ ಹೆಸರಿಗೆ ಬಂಡವಾಳದ ಬೆಲೆಯೇ ಇರಲಿಲ್ಲ. ಹೀಗಾಗಿ ಬಟ್ಟೆ ತನ್ನ ಯೋಗ್ಯತೆಯ ಮೇಲೆ ನಿಲ್ಲಬೇಕಾಯಿತು. ಯಾರ ನೆನಪಿನಲ್ಲೂ ಇಲ್ಲದ ವಸ್ತುವನ್ನು ಬದುಕಿಸುವುದು ಕಷ್ಟವೆಂದು ತೋರಿದರೂ, ಅದರ ಅಗ್ಗದ ನಕಲು ಮಾಡುವ ಆಸೆ ಮೊದಲಲ್ಲಿ ಯಾರಿಗೂ ಹುಟ್ಟದಿರುವುದು ಒಂದು ದೊಡ್ಡ ಅನುಕೂಲ. ಹೆಸರು ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಇಳಕಲ್ಲೇ ಎಚ್ಚರಿಕೆ.

ಸರ್ಕಾರಗಳು ಕೈ ಕಟ್ಟಿ ಕುಳಿತಿಲ್ಲ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ 1975ರಿಂದ ಇದೆ. ಕೈಮಗ್ಗದ ಬಟ್ಟೆಗೆ ಅಂಟಿಸುವ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಗುರುತು 2006ರಿಂದ ಇದೆ. 1905ರ ಸ್ವದೇಶಿ ಚಳವಳಿಯ ನೆನಪಿಗೆ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು 2015ರಿಂದ ಆಚರಿಸಲಾಗುತ್ತಿದೆ, ಅದೇ ದಿನ ಇಂಡಿಯಾ ಹ್ಯಾಂಡ್‌ಲೂಮ್ ಎಂಬ ಬ್ರ್ಯಾಂಡನ್ನೂ ಹುಟ್ಟುಹಾಕಲಾಯಿತು. ಇಷ್ಟು ಗುರುತುಗಳಿದ್ದೂ, ದೇಶದ ಮೂರನೆಯ ಕೈಮಗ್ಗ ಗಣತಿಯಲ್ಲಿ, ಅಂದರೆ 2009-10ರಲ್ಲಿ, 43.31 ಲಕ್ಷವಿದ್ದ ನೇಕಾರರು ಮತ್ತು ಸಹಾಯಕ ಕೆಲಸಗಾರರ ಸಂಖ್ಯೆ 2019-20ರ ನಾಲ್ಕನೆಯ ಗಣತಿಗೆ 35.22 ಲಕ್ಷಕ್ಕೆ ಇಳಿದಿತ್ತು. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರನೆಯ ಎರಡು ಭಾಗದವರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆಯಿತ್ತು. ಒಂದು ಗುರುತಿನ ಮೇಲೆ ಇನ್ನೊಂದು ಗುರುತು ಅಂಟಿಸುತ್ತ ಹೋಗುವುದರಿಂದ ಈ ಅಂಕಿ ಬದಲಾಗದು. ಸಾವಕಾರನಿಂದ ನೂಲು ತಂದು, ನೇಯ್ದು ಕೊಟ್ಟು, ಸೀರೆಗಿಷ್ಟು ಎಂದು ಮಜೂರಿ ಪಡೆಯುವ ಗುಡೂರು, ಕಮತಗಿ, ಸೂಳೇಬಾವಿಗಳಂಥ ಊರುಗಳ ನೇಕಾರನಿಗೆ ಬ್ರ್ಯಾಂಡಿನ ಕೀರ್ತಿಯಿಂದ ಬರುವ ಹೆಚ್ಚಿನ ಬೆಲೆಯಲ್ಲಿ ಪಾಲು ಇರುವುದಿಲ್ಲ. ಈ ವಿಷಯದಲ್ಲಿ ಅವನ ಸ್ಥಿತಿ ಹಳೆಯ ಯೆಜ್ಡಿಯನ್ನು ಓಡುವಂತೆ ಇಟ್ಟ ಮೆಕ್ಯಾನಿಕ್‌ನದಕ್ಕಿಂತ ಭಿನ್ನವಲ್ಲ.

ಆದುದರಿಂದ ಪುನರುಜ್ಜೀವನ ಎಂಬ ಮಾತನ್ನು ಅಳೆಯಬೇಕಾದದ್ದು ಮಾರಾಟದ ಸಂಖ್ಯೆಯಿಂದಲ್ಲ, ಇಪ್ಪತ್ತೈದರ ಒಳಗಿನ ಎಷ್ಟು ಜನ ಕೊಂಡಿ ಹಾಕಲು ಕಲಿತಿದ್ದಾರೆ ಎಂಬುದರಿಂದ. ಗತಕಾಲದ ಹಂಬಲಕ್ಕೆ ಇಲ್ಲಿ ಒಂದು ಉಪಯುಕ್ತ ಪಾತ್ರ ಇಲ್ಲವೆಂದಲ್ಲ. ಅದು ಗಿರಾಕಿಯನ್ನು ಅಂಗಡಿಯ ಬಾಗಿಲವರೆಗೆ ತರುತ್ತದೆ. ಅಲ್ಲಿಂದ ಮುಂದೆ ಕೆಲಸ ಮಾಡಬೇಕಾದದ್ದು ತಿಳಿವಳಿಕೆ. ಯಾವ ಬಟ್ಟೆಗೆ ಎಷ್ಟು ಕೈಗಳು ದುಡಿದಿವೆ ಎಂದು ತಿಳಿಯದ ಗಿರಾಕಿ ಅಗ್ಗದ್ದನ್ನೇ ಕೊಳ್ಳುತ್ತಾನೆ, ಮತ್ತು ಅವನ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ.

ಇಳಕಲ್ ಸೀರೆ ಕೊಳ್ಳುವವರು ತೋಪು ತೆನೆಯ ಸೆರಗನ್ನು ತಿರುವಿ ಒಳಮೈಯನ್ನು ನೋಡಬೇಕು. ಒಡಲು ಮುಗಿದು ಸೆರಗು ಆರಂಭವಾಗುವ ಗೆರೆಯಲ್ಲಿ ಹಾಸಿನ ಬಣ್ಣ ಒಮ್ಮೆಲೇ ಬದಲಾಗಿ, ಅಲ್ಲಿ ಕುಣಿಕೆಗಳ ಸಾಲು ಬೆರಳಿಗೆ ತಾಕಿದರೆ ಅದು ಕೊಂಡಿಯ ಸೀರೆ. ಒಡಲಿನ ಬಣ್ಣದ ಎಳೆಗಳೇ ಸೆರಗಿನ ಕೆಂಪಿನೊಳಗೆ ಮುಂದುವರಿದಿದ್ದರೆ ಅಲ್ಲ. ಸಾದಾ ಸೆರಗಿನ ಕೈಮಗ್ಗದ ಸೀರೆಗಳೂ ಇರುವುದರಿಂದ ಅಂಥವಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ಎಂದು ಕೇಳಬೇಕು. ವಿದ್ಯುತ್ ಮಗ್ಗದ ಸೀರೆಯನ್ನು ವಿದ್ಯುತ್ ಮಗ್ಗದ್ದೆಂದು ತಿಳಿದು, ಅದರ ಬೆಲೆಗೆ ಕೊಳ್ಳುವುದರಲ್ಲಿ ಯಾವ ದೋಷವೂ ಇಲ್ಲ. ಅದನ್ನು ಕೈಮಗ್ಗದ ಬೆಲೆಗೆ ಕೊಳ್ಳಬಾರದು.